ಸಣ್ಣಕರುಳು ಹಿಗ್ಗುವುದೇಕೆ?

ಧರ್ಮಸ್ಥಳದ ದರ್ಶನ ಮುಗಿಸಿ, ಸೌತಡ್ಕದ ಬಯಲು ಆಲಯದ ಮಹಾಗಣಪತಿಗೆ ನಮಿಸಿ ಬರುವ ಯಾತ್ರಿಕರಿಗೆ ಕೊಕ್ಕಡ ಅಪರಿಚಿತ ಊರಲ್ಲ. ಬೆಳ್ತಂಗಡಿ ತಾಲ್ಲೂಕಿನ ಈ ಊರಿನ ಸುತ್ತಮುತ್ತ ಅಡಿಕೆ ತೋಟಗಳು, ರಬ್ಬರ್ ಮರಗಳು, ಗೇರು ಗುಡ್ಡಗಳು. ಮನೆಯಿಂದ ಮನೆಗೆ ದೂರ. ಮನೆಯಿಂದ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಇನ್ನೂ ದೂರ. ಕಳೆದ ಮಳೆಗಾಲದ ಕೊನೆಯಲ್ಲಿ ನಾವು ಅಲ್ಲಿಯ ಪರಿಚಿತ ಕೃಷಿಕರೊಬ್ಬರ ಮನೆಗೆ ಹೋಗಿದ್ದೆವು. ಮನೆಯ ಯಜಮಾನರು ಅರವತ್ತೈದು ದಾಟಿದವರು. ನಾವು ತಲುಪುವ ಹೊತ್ತಿಗೆ ಅವರು ಚಾವಡಿಯಲ್ಲಿ ಮೊಣಕಾಲು ಮಡಚಿ ಮಲಗಿದ್ದರು. ಹಿಂದಿನ ದಿನ ಸಂಜೆಯಿಂದ ಹೊಟ್ಟೆ ಹಿಂಡಿ ಹಿಂಡಿ ನೋಯುತ್ತಿತ್ತಂತೆ.

“ಗ್ಯಾಸ್ ಆದದ್ದು ಅಂತ ಓಮದ ನೀರು ಕೊಟ್ಟೆವು, ಸೋಡಾ ಕುಡಿಸಿದೆವು. ಬೆಳಿಗ್ಗೆ ಹರಳೆಣ್ಣೆ ಸಹ ಕೊಟ್ಟದ್ದು. ಯಾವುದೂ ನಿಲ್ಲಲಿಲ್ಲ” ಎಂದರು ಮಗಳು. ವಾಂತಿ ಹಸಿರು ಬಣ್ಣಕ್ಕೆ ತಿರುಗಿತ್ತು. ಹೊಟ್ಟೆ ಉಬ್ಬಿತ್ತು. ರಾತ್ರಿಯಿಂದ ಮಲವೂ ಇಲ್ಲ, ವಾಯುವೂ ಇಲ್ಲ. ಪಂಚೆ ಸರಿಸಿ ನೋಡಿದಾಗ ತೊಡೆಸಂದಿಯಲ್ಲಿ ನಿಂಬೆಗಾತ್ರದ ಗಟ್ಟಿಯಾದ ಗಂಟು ಕಂಡಿತು; ಮುಟ್ಟಿದರೆ ಅವರು ನರಳಿದರು.

“ಇದು ಎಷ್ಟು ವರ್ಷದಿಂದ ಇದೆ?” ಎಂದು ಕೇಳಿದೆವು.

“ಹತ್ತು ವರ್ಷ ಆಗಿರಬಹುದು. ಮಲಗಿದರೆ ಒಳಗೆ ಹೋಗ್ತಿತ್ತು. ಹೇಳಲಿಕ್ಕೆ ನಾಚಿಕೆ ಆಯ್ತು” ಎಂದರು ಮೆಲ್ಲನೆ.

ಕೂಡಲೇ ಅವರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಅದೇ ರಾತ್ರಿ ಶಸ್ತ್ರಚಿಕಿತ್ಸೆ ನಡೆಯಿತು. ಗಂಟಿನೊಳಗೆ ಸಿಲುಕಿದ್ದ ಕರುಳಿನ ಒಂದು ಗೇಣಿನಷ್ಟು ಭಾಗ ರಕ್ತಸಂಚಾರವಿಲ್ಲದೆ ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಯಜಮಾನರು ಉಳಿದರು. ವಾರದ ಬಳಿಕ ಮಗಳು ದೂರವಾಣಿಯಲ್ಲಿ ಸ್ಕ್ಯಾನ್ ವರದಿಯನ್ನು ಓದಿ ಹೇಳಿ, “ಸಣ್ಣಕರುಳಿನ ಭಾಗ ಹಿಗ್ಗಿದೆ ಅಂತ ಬರೆದಿದ್ದಾರೆ. ಅದು ಯಾವ ಕಾಯಿಲೆ?” ಎಂದು ಕೇಳಿದರು.

ಇದೇ ಪ್ರಶ್ನೆಯನ್ನು ಶ್ರೀಮಠಕ್ಕೆ ಬರುವ ಅನೇಕ ಸದ್ಭಕ್ತರೂ ವರದಿಗಳನ್ನು ಹಿಡಿದು ನಮ್ಮಲ್ಲಿ ಕೇಳಿದ್ದುಂಟು. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರ ಮಾಡೋಣ. ಮೊದಲಿಗೇ ಒಂದು ಮಾತನ್ನು ಹೇಳಿಬಿಡುತ್ತೇವೆ. ಕರುಳು ಹಿಗ್ಗಿದೆ ಎಂಬುದು ಕಾಯಿಲೆಯ ಹೆಸರಲ್ಲ. ಜ್ವರವು ಹೇಗೆ ಒಳಗಿನ ಬೇರೊಂದು ತೊಂದರೆಯ ಲಕ್ಷಣವೋ ಹಾಗೆಯೇ ಇದೂ ಒಂದು ಲಕ್ಷಣ. ಹಿಗ್ಗಿದ ಜಾಗ ಒಂದು ಕಡೆ, ತೊಂದರೆಯ ಮೂಲ ಬಹುತೇಕ ಇನ್ನೊಂದು ಕಡೆ.

ತೋಟದ ಕಣಿಯ ಪಾಠ

ನಮ್ಮ ಸಣ್ಣಕರುಳು ಸುಮಾರು 6 ಮೀಟರ್ ಉದ್ದದ ಮೆದುವಾದ ನಾಳ. ಹೊಟ್ಟೆಯೊಳಗೆ ಕುಣಿಕೆ ಕುಣಿಕೆಯಾಗಿ ಮಡಚಿಕೊಂಡಿರುವ ಈ ನಾಳದ ಅಗಲ ಸಾಮಾನ್ಯವಾಗಿ ಎರಡೂವರೆ ಸೆಂಟಿಮೀಟರ್‌ನ ಆಸುಪಾಸು. ಎಕ್ಸ್‌ರೇಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಅದು 3 ಸೆಂಟಿಮೀಟರ್ ಮೀರಿದರೆ ವೈದ್ಯರು ಹಿಗ್ಗಿದೆ ಎಂದು ಬರೆಯುತ್ತಾರೆ.

ಈ ನಾಳದೊಳಗೆ ದಿನವೊಂದಕ್ಕೆ ಹರಿಯುವ ದ್ರವದ ಪ್ರಮಾಣ ಕೇಳಿದರೆ ಆಶ್ಚರ್ಯವಾಗುತ್ತದೆ. ನಾವು ಕುಡಿಯುವ ನೀರು ಎರಡು ಲೀಟರ್ ಇದ್ದರೆ, ಲಾಲಾರಸ, ಜಠರರಸ, ಪಿತ್ತರಸ, ಮೇದೋಜೀರಕ ರಸ, ಕರುಳಿನ ಸ್ವಂತ ರಸ ಎಲ್ಲ ಸೇರಿ ಇನ್ನೂ ಆರೇಳು ಲೀಟರ್. ಒಟ್ಟು ಎಂಟು ಒಂಬತ್ತು ಲೀಟರ್‌ಗಳಲ್ಲಿ ಬಹುಪಾಲನ್ನು ಸಣ್ಣಕರುಳೇ ಹೀರಿಕೊಂಡು ರಕ್ತಕ್ಕೆ ಮರಳಿಸುತ್ತದೆ. ದೊಡ್ಡಕರುಳಿಗೆ ತಲುಪುವುದು ಒಂದು ಒಂದೂವರೆ ಲೀಟರ್ ಮಾತ್ರ. ಇಷ್ಟನ್ನೂ ಮುಂದಕ್ಕೆ ಸಾಗಿಸುವುದು ಕರುಳಿನ ಗೋಡೆಯ ಸ್ನಾಯುಗಳ ಅಲೆಯಂತಹ ಚಲನೆ.

ಅಡಿಕೆ ತೋಟದ ಕಣಿಯನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಕಣಿಯಲ್ಲಿ ನೀರು ಸರಾಗವಾಗಿ ಹರಿಯುತ್ತಿರುತ್ತದೆ. ಒಂದು ಅಡಿಕೆ ಹಾಳೆ ಅಡ್ಡಬಿದ್ದರೆ ಸಾಕು, ಅದರ ಹಿಂದಿನ ಭಾಗದಲ್ಲಿ ನೀರು ಏರಿ ಬದುವನ್ನು ದಾಟುತ್ತದೆ. ಮುಂದಿನ ಭಾಗ ಒಣಗುತ್ತದೆ. ನೀರು ತುಂಬಿದ ಕಡೆ ಅಗೆದರೆ ಪ್ರಯೋಜನವಿಲ್ಲ, ಹಾಳೆ ಎಲ್ಲಿ ಸಿಲುಕಿದೆ ಎಂದು ಹುಡುಕಬೇಕು. ಹಿಗ್ಗಿದ ಕರುಳಿನಲ್ಲಿ ವೈದ್ಯರು ಮಾಡುವುದೂ ಇದನ್ನೇ. ಹಿಗ್ಗಿದ ಕರುಳು ಎಲ್ಲಿ ಮುಗಿದು ಸಪೂರ ಕರುಳು ಎಲ್ಲಿ ಆರಂಭವಾಗುತ್ತದೋ ಆ ಸಂಧಿಯನ್ನು ಸಿ.ಟಿ. ಸ್ಕ್ಯಾನಿನಲ್ಲಿ ಹುಡುಕುತ್ತಾರೆ. ತಡೆ ಇದ್ದರೆ ಅದು ಇರುವುದು ಅಲ್ಲಿಯೇ.

ಕೆಲವೊಮ್ಮೆ ಹಾಳೆ ಅಡ್ಡಬಿದ್ದಿರುವುದಿಲ್ಲ. ಕಣಿಯ ಇಳಿಜಾರೇ ಕೆಟ್ಟು ನೀರು ನಿಂತಿರುತ್ತದೆ. ಕರುಳಿನಲ್ಲಿಯೂ ಹಾಗೆ. ದಾರಿ ತೆರೆದೇ ಇದ್ದು, ತಳ್ಳುವ ಶಕ್ತಿ ಕುಂದಿದಾಗಲೂ ಅದು ಹಿಗ್ಗುತ್ತದೆ. ಹೀಗೆ ಕಾರಣಗಳು ಎರಡು ಬಗೆ.

ದಾರಿಗೆ ತಡೆ ಬಿದ್ದಾಗ

ಹರ್ನಿಯಾ: ಕೊಕ್ಕಡದ ಯಜಮಾನರಿಗೆ ಆದದ್ದು ಇದು. ಹಳ್ಳಿಗಳಲ್ಲಿ ಅಂಡವಾಯು, ಕರುಳಿಳಿಯುವುದು ಎಂದೆಲ್ಲ ಕರೆಯುತ್ತಾರೆ. ತೊಡೆಸಂದಿ, ಹೊಕ್ಕುಳು ಅಥವಾ ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಜಾಗದಲ್ಲಿ ಹೊಟ್ಟೆಯ ಗೋಡೆ ಸಡಿಲಗೊಂಡು ಕರುಳಿನ ಕುಣಿಕೆ ಹೊರಕ್ಕೆ ಚಾಚುತ್ತದೆ. ಭಾರ ಹೊರುವವರು, ಹಳೆಯ ಕೆಮ್ಮಿನವರು, ಮಲಮೂತ್ರಕ್ಕೆ ಮುಕ್ಕರಿಯುವ ವೃದ್ಧರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಮಲಗಿದಾಗ ಒಳಗೆ ಹೋಗುವವರೆಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಒಮ್ಮೆ ಸಿಲುಕಿಕೊಂಡರೆ ಕಥೆ ಬೇರೆ. ಮೊದಲು ಕರುಳಿನಿಂದ ಹಿಂದಿರುಗುವ ರಕ್ತ ತಡೆಯಲ್ಪಟ್ಟು ಅದು ಊದಿಕೊಳ್ಳುತ್ತದೆ. ಊತ ಹೆಚ್ಚಿದಂತೆ ಒಳಬರುವ ರಕ್ತವೂ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯತೊಡಗುತ್ತದೆ. ತೊಂದರೆಯಿಲ್ಲದ ದಿನಗಳಲ್ಲಿ ಮಾಡಿಸಿಕೊಳ್ಳುವ ಸಣ್ಣ ಶಸ್ತ್ರಚಿಕಿತ್ಸೆಯು ಈ ಅಪಾಯವನ್ನು ಪೂರ್ತಿಯಾಗಿ ತಪ್ಪಿಸಬಲ್ಲದು.

ಒಳಗಿನ ಅಂಟು: ಅಪೆಂಡಿಕ್ಸ್, ಗರ್ಭಕೋಶ, ಸಿಸೇರಿಯನ್ ಮೊದಲಾದ ಯಾವುದೇ ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಒಳಗೆ ಗಾಯ ಮಾಯುವಾಗ ನಾರಿನಂತಹ ಪಟ್ಟಿಗಳು ಬೆಳೆಯಬಹುದು. ಅವು ಕರುಳನ್ನು ಕರುಳಿಗೋ ಹೊಟ್ಟೆಯ ಗೋಡೆಗೋ ಅಂಟಿಸುತ್ತವೆ. ಇದರಿಂದ ತಡೆಯುಂಟಾಗುವುದು ತಿಂಗಳೊಳಗೂ ಆದೀತು, ಇಪ್ಪತ್ತು ವರ್ಷಗಳ ನಂತರವೂ ಆದೀತು. ಜಗತ್ತಿನ ಬಹುಪಾಲು ದೇಶಗಳಲ್ಲಿ ಸಣ್ಣಕರುಳಿನ ತಡೆಗೆ ಇದೇ ಮೊದಲ ಕಾರಣ. ಆದುದರಿಂದ ಹೊಟ್ಟೆನೋವಿಗಾಗಿ ವೈದ್ಯರ ಬಳಿ ಹೋದಾಗ ಎಷ್ಟೇ ಹಳೆಯ ಶಸ್ತ್ರಚಿಕಿತ್ಸೆಯಾಗಿದ್ದರೂ ಮರೆಯದೆ ಹೇಳಬೇಕು.

ಕರುಳಿನ ಕ್ಷಯ: ಕ್ಷಯವೆಂದರೆ ಶ್ವಾಸಕೋಶದ ರೋಗವೆಂದೇ ಬಹುಜನರ ತಿಳಿವಳಿಕೆ. ಅದು ಕರುಳಿಗೂ ತಗಲುತ್ತದೆ. ಸಣ್ಣಕರುಳು ದೊಡ್ಡಕರುಳನ್ನು ಕೂಡುವ ಬಲಗೆಳಗಿನ ಮೂಲೆ ಅದರ ಮೆಚ್ಚಿನ ತಾಣ. ಅಲ್ಲಿ ಹುಣ್ಣಾಗಿ, ಮಾಯುವಾಗ ಕರುಳು ಉಂಗುರದಂತೆ ಸಂಕುಚಿಸುತ್ತದೆ. ತಿಂಗಳುಗಟ್ಟಲೆ ಬಂದು ಹೋಗುವ ಹೊಟ್ಟೆನೋವು, ಉಂಡ ಮೇಲೆ ಹೊಟ್ಟೆಯಲ್ಲಿ ಗುಡುಗುಟ್ಟುವಿಕೆ, ಚೆಂಡೊಂದು ಉರುಳಿದಂತೆ ಭಾಸವಾಗುವುದು, ಸಂಜೆಯ ಸಣ್ಣ ಜ್ವರ, ತೂಕ ಇಳಿಯುವುದು ಇದರ ಲಕ್ಷಣಗಳು. ನಮ್ಮ ದೇಶದಲ್ಲಿ ಇದನ್ನು ಎಂದೂ ಮರೆಯಲಾಗದು. ಸಾಮಾನ್ಯವಾಗಿ ಆರು ತಿಂಗಳ ಔಷಧಿಯಿಂದ ಗುಣವಾಗುತ್ತದೆ; ಔಷಧಿ ಸರ್ಕಾರದಿಂದ ಉಚಿತ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ನೆರವೂ ಇದೆ. ಕರುಳು ತೀರ ಸಂಕುಚಿಸಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕ್ರೋನ್ಸ್ ಎಂಬ ಉರಿಯೂತದ ಕಾಯಿಲೆಯೂ ಇದೇ ಜಾಗದಲ್ಲಿ ಇದೇ ಬಗೆಯಲ್ಲಿ ಕಾಣಿಸಿಕೊಳ್ಳುವುದರಿಂದ ಎರಡನ್ನೂ ಬೇರ್ಪಡಿಸಿ ತಿಳಿಯಲು ತಜ್ಞರ ಪರೀಕ್ಷೆ ಅಗತ್ಯ.

ಗಡ್ಡೆ: ವಯಸ್ಸಾದವರಲ್ಲಿ ಹೊಟ್ಟೆಯ ಯಾವ ಶಸ್ತ್ರಚಿಕಿತ್ಸೆಯೂ ಆಗಿರದೆ, ಹರ್ನಿಯಾವೂ ಇರದೆ ಕರುಳು ಹಿಗ್ಗಿದ್ದರೆ ಗಡ್ಡೆಯನ್ನು ಹುಡುಕಬೇಕು. ದೊಡ್ಡಕರುಳಿನ ಆರಂಭದ ಗಡ್ಡೆಯೂ ಸಣ್ಣಕರುಳನ್ನು ಹಿಗ್ಗಿಸಬಲ್ಲದು. ಮಲದಲ್ಲಿ ರಕ್ತ, ಕಾರಣವಿಲ್ಲದ ರಕ್ತಹೀನತೆ ಕಂಡವರು ಸಂಕೋಚ ಬಿಟ್ಟು ತೋರಿಸಿಕೊಳ್ಳಬೇಕು.

ಮಕ್ಕಳಲ್ಲಿ: ಹೊಟ್ಟೆಯಲ್ಲಿ ಜಂತುಹುಳುಗಳು ಹೆಚ್ಚಾದರೆ ಹಗ್ಗದ ಉಂಡೆಯಂತೆ ಸುತ್ತಿಕೊಂಡು ದಾರಿ ಮುಚ್ಚುತ್ತವೆ. ಒಂದು ಹೆಣ್ಣು ಹುಳು ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತದೆಂದರೆ ಮಣ್ಣಿನಲ್ಲಿ ಅವು ಎಷ್ಟು ಹರಡಿರಬಹುದೆಂದು ಊಹಿಸಬಹುದು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಕೊಡಲಾಗುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳಿಗೆ ತಪ್ಪದೆ ಕೊಡಿಸಬೇಕು. ಎರಡು ವರ್ಷದೊಳಗಿನ ಕೂಸುಗಳಲ್ಲಿ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ತೋಳಿನ ಮಡಿಕೆಯಂತೆ ಸೇರಿಕೊಳ್ಳುವುದುಂಟು. ಕೂಸು ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರಿ ಅಳುವುದು, ನಡುವೆ ಸುಮ್ಮನಾಗಿ ಸೋತು ಮಲಗುವುದು, ವಾಂತಿ, ರಕ್ತ ಬೆರೆತ ಲೋಳೆಯಂತಹ ಮಲ ಇದರ ಗುರುತು. ಬೇಗ ತಂದರೆ ಅನೇಕ ಕೂಸುಗಳಿಗೆ ಕತ್ತರಿಯೇ ಬೇಡ. ಗುದದ ಮೂಲಕ ಒತ್ತಡದಿಂದ ಗಾಳಿ ಅಥವಾ ದ್ರವ ಹಾಯಿಸಿ ಕರುಳನ್ನು ಬಿಡಿಸುತ್ತಾರೆ. ಹುಟ್ಟಿದ ಒಂದೆರಡು ದಿನಗಳಲ್ಲೇ ಹಸಿರು ವಾಂತಿ ಮಾಡುವ ಶಿಶುವಿನಲ್ಲಿ ಕರುಳು ಹುಟ್ಟಿನಿಂದಲೇ ಮುಚ್ಚಿರಬಹುದು ಅಥವಾ ತಿರುಚಿಕೊಂಡಿರಬಹುದು. ಅದು ತಕ್ಷಣದ ಚಿಕಿತ್ಸೆ ಬೇಡುವ ಸ್ಥಿತಿ.

ಇವಲ್ಲದೆ, ಹಲ್ಲಿಲ್ಲದ ವೃದ್ಧರು ನಾರಿನ ಆಹಾರವನ್ನು ಜಗಿಯದೆ ನುಂಗಿದಾಗ ಆಗುವ ನಾರಿನ ಉಂಡೆ, ಪಿತ್ತಕೋಶದಿಂದ ಕರುಳಿಗೆ ಜಾರಿದ ದೊಡ್ಡ ಕಲ್ಲು ಅಪರೂಪದ ಕಾರಣಗಳು.

ತಡೆಯಿಲ್ಲದೆಯೂ ಹಿಗ್ಗಿದಾಗ

ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಕರುಳು ಚಲಿಸದೆ ಸುಮ್ಮನಿರುವುದು ಸಹಜ. ಆದರೆ ಹೊಟ್ಟೆಯೊಳಗಿನ ಸೋಂಕು, ಮೇದೋಜೀರಕ ಗ್ರಂಥಿಯ ಊತ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗುವುದು ಇವುಗಳಿಂದಲೂ ಕರುಳಿನ ಚಲನೆ ಸ್ತಬ್ಧವಾಗುತ್ತದೆ. ತೀವ್ರ ವಾಂತಿಭೇದಿಯಲ್ಲಿ ಪೊಟ್ಯಾಸಿಯಂ ನಷ್ಟವಾಗುತ್ತದೆ; ಅದರ ಮೇಲೆ ಭೇದಿ ನಿಲ್ಲಿಸುವ ಮಾತ್ರೆಗಳನ್ನು ಮಕ್ಕಳಿಗೆ ಕೊಟ್ಟರೆ ಹೊಟ್ಟೆ ಉಬ್ಬಿ ಅಪಾಯವಾದೀತು. ಮಾರ್ಫಿನ್ ಜಾತಿಯ ನೋವುನಿವಾರಕಗಳು, ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳು ಕೂಡ ಚಲನೆಯನ್ನು ಮಂದಗೊಳಿಸುತ್ತವೆ. ಬಹುಕಾಲದ ಮಧುಮೇಹ, ಥೈರಾಯ್ಡ್ ಕೊರತೆ, ಚರ್ಮವನ್ನು ಗಡಸುಗೊಳಿಸುವ ಸ್ಕ್ಲೆರೋಡರ್ಮಾ ಮೊದಲಾದವು ನರ, ಸ್ನಾಯುಗಳನ್ನು ನಿಧಾನವಾಗಿ ದುರ್ಬಲಗೊಳಿಸಿ ಕರುಳನ್ನು ಹಿಗ್ಗಿಸುತ್ತವೆ.

ಆಹಾರಾಂಶ ಹೀರದ ಕಾಯಿಲೆಗಳಲ್ಲಿಯೂ ಕರುಳು ಮಿತವಾಗಿ ಹಿಗ್ಗಿರುತ್ತದೆ. ದಕ್ಷಿಣ ಭಾರತಕ್ಕೆ ಹಳೆಯ ಪರಿಚಯವಿರುವ ಉಷ್ಣವಲಯದ ಸ್ಪ್ರೂ ಅಂಥದ್ದೊಂದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1960ರ ದಶಕದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಇದರ ಹಾವಳಿಯನ್ನು ಆಳವಾಗಿ ಅಧ್ಯಯನ ಮಾಡಿದರು. ವಾರಗಟ್ಟಲೆ ಜಿಡ್ಡುಜಿಡ್ಡಾದ ಭೇದಿ, ನಾಲಗೆ ಹುಣ್ಣು, ರಕ್ತಹೀನತೆ ಇದರ ಲಕ್ಷಣ. ಫೋಲಿಕ್ ಆಮ್ಲ ಮತ್ತು ಸೂಕ್ತ ಪ್ರತಿಜೀವಕಗಳಿಂದ ಗುಣವಾಗುತ್ತದೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇನ್ನೊಂದು. ಅಂಥವರಿಗೆ ಗೋಧಿ, ಬಾರ್ಲಿ ವರ್ಜ್ಯ. ನಮ್ಮ ಜೋಳದ ರೊಟ್ಟಿ, ರಾಗಿ, ಅನ್ನ ನಿರಾತಂಕ.

ಇವೆಲ್ಲಕ್ಕಿಂತ ಭಯಂಕರವಾದುದು ಕರುಳಿನ ರಕ್ತನಾಳವೇ ಮುಚ್ಚಿಹೋಗುವುದು. ಹೃದಯದ ಬಡಿತ ತಾಳತಪ್ಪಿದವರಲ್ಲಿ ಹೆಪ್ಪುಗಟ್ಟಿದ ರಕ್ತ ಹೀಗೆ ಮಾಡಬಹುದು. ಮುಟ್ಟಿ ನೋಡಿದರೆ ಹೊಟ್ಟೆ ಮೆತ್ತಗೇ ಇರುತ್ತದೆ, ರೋಗಿ ಮಾತ್ರ ತಾಳಲಾರದ ನೋವಿನಿಂದ ಹೊರಳಾಡುತ್ತಾನೆ. ಇಲ್ಲಿ ಪ್ರತಿ ಗಂಟೆಯೂ ಅಮೂಲ್ಯ.

ಮಾತು ಬಾರದವರ ಹೊಟ್ಟೆನೋವು

ಕೊಕ್ಕಡದ ಹೆಸರೆತ್ತಿದ ಮೇಲೆ ಇನ್ನೊಂದು ವಿಷಯವನ್ನು ಹೇಳದೆ ಮುಂದುವರಿಯುವುದು ಸಲ್ಲದು. ಕೊಕ್ಕಡ, ಪಟ್ರಮೆ, ನಿಡ್ಲೆ ಮೊದಲಾದ ಗ್ರಾಮಗಳ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಕೀಟನಾಶಕಕ್ಕೆ ದೇಶಾದ್ಯಂತ ತಡೆ ನೀಡಿತು. ಎಂಡೋಸಲ್ಫಾನ್ ಸಂತ್ರಸ್ತರೆಂದು ಗುರುತಿಸಲ್ಪಟ್ಟವರಲ್ಲಿ ಹಾಸಿಗೆಯಲ್ಲೇ ಇರುವವರು, ಮಾತು ಬಾರದವರು, ಕೈಕಾಲು ಸೆಟೆದವರು ಇಂದಿಗೂ ಇದ್ದಾರೆ. ಆ ರಾಸಾಯನಿಕ ಕರುಳನ್ನು ಹಿಗ್ಗಿಸುತ್ತದೆಂದು ನಾವು ಹೇಳುತ್ತಿಲ್ಲ. ನಾವು ಹೇಳಬಯಸುವುದು, ಯಾವ ಕಾರಣದಿಂದಲೇ ಆಗಲಿ ಹಾಸಿಗೆ ಹಿಡಿದವರ ಕರುಳಿಗೆ ವಿಶೇಷ ಕಾವಲು ಬೇಕು ಎಂಬುದನ್ನು.

ಚಲನೆಯಿಲ್ಲದ ದೇಹದಲ್ಲಿ ಕರುಳೂ ಮಂದವಾಗುತ್ತದೆ. ಮಲಬದ್ಧತೆ ದಿನದಿನಕ್ಕೆ ಗಟ್ಟಿಯಾಗಿ ದೊಡ್ಡಕರುಳು ತುಂಬಿ, ಕೊನೆಗೆ ಸಣ್ಣಕರುಳಿನವರೆಗೂ ಒತ್ತಡ ಹಿಂದಕ್ಕೆ ಬರುತ್ತದೆ. ಫಿಟ್ಸ್‌ಗೆ, ಸೆಟೆತಕ್ಕೆ ಕೊಡುವ ಕೆಲವು ಔಷಧಿಗಳು ಮಲಬದ್ಧತೆಯನ್ನು ಹೆಚ್ಚಿಸುತ್ತವೆ. ಬಹಳ ಸೊರಗಿದ, ಬೆನ್ನೆಲುಬು ಬಾಗಿದ ಮಕ್ಕಳಲ್ಲಿ ಸಣ್ಣಕರುಳಿನ ಮೊದಲ ಭಾಗವು ಎರಡು ದೊಡ್ಡ ರಕ್ತನಾಳಗಳ ನಡುವೆ ಸಿಲುಕಿ ಅಪ್ಪಚ್ಚಿಯಾಗುವುದೂ ಉಂಟು; ಅದರ ಹಿಂದಿನ ಭಾಗ ಹಿಗ್ಗಿ, ಉಣಿಸಿದ್ದೆಲ್ಲ ವಾಂತಿಯಾಗುತ್ತದೆ. ಅಂಥ ಮಕ್ಕಳನ್ನು ಉಣಿಸಿದ ಬಳಿಕ ಎಡಮಗ್ಗುಲಿಗೆ ಮಲಗಿಸಿದರೆ ಎಷ್ಟೋ ಉಪಶಮನ. ತೂಕ ಹೆಚ್ಚಿದಂತೆ ಈ ಸಿಲುಕು ಬಿಡುವುದೂ ಉಂಟು.

ನೋವೆಂದು ಹೇಳಲಾಗದವರ ನೋವನ್ನು ತಾಯಂದಿರೇ ಓದಬೇಕು. ಕಾರಣವಿಲ್ಲದ ಅಳು, ಉಣ್ಣಲು ಬಾಯಿ ತೆರೆಯದಿರುವುದು, ಸೆಟೆತ ಹೆಚ್ಚುವುದು, ಹೊಟ್ಟೆ ನಿನ್ನೆಗಿಂತ ಇಂದು ಬಿಗಿಯಾಗಿರುವುದು, ವಾಂತಿಗೆ ಹಸಿರು ಬಣ್ಣ ಬರುವುದು, ಇವೇ ಅವರ ಮಾತು. ಮಲ ಹೋದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ವೈದ್ಯರಿಗೆ ಅದಕ್ಕಿಂತ ಉಪಯುಕ್ತ ದಾಖಲೆ ಇಲ್ಲ.

ಪರೀಕ್ಷೆ ಮತ್ತು ಚಿಕಿತ್ಸೆ

ಆಸ್ಪತ್ರೆಯಲ್ಲಿ ಮೊದಲು ಹೊಟ್ಟೆಯ ಎಕ್ಸ್‌ರೇ ತೆಗೆಯುತ್ತಾರೆ. ಹಿಗ್ಗಿದ ಕುಣಿಕೆಗಳಲ್ಲಿ ಗಾಳಿ ಮೇಲೆ, ನೀರು ಕೆಳಗೆ ನಿಂತು ಮೆಟ್ಟಿಲುಗಳಂತೆ ಕಾಣುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಕರುಳು ಚಲಿಸುತ್ತಿದೆಯೇ ಎಂದು ತಿಳಿಯಬಹುದು. ಸಿ.ಟಿ. ಸ್ಕ್ಯಾನ್ ತಡೆಯ ಜಾಗವನ್ನೂ ರಕ್ತಸಂಚಾರದ ಸ್ಥಿತಿಯನ್ನೂ ತೋರಿಸುತ್ತದೆ. ರಕ್ತಪರೀಕ್ಷೆಯಿಂದ ಲವಣಾಂಶಗಳ ಏರುಪೇರು ತಿಳಿಯುತ್ತದೆ.

ಚಿಕಿತ್ಸೆಯೆಂದರೆ ಎಲ್ಲರಿಗೂ ಶಸ್ತ್ರಚಿಕಿತ್ಸೆಯೆಂದು ಭಯಪಡಬೇಕಾಗಿಲ್ಲ. ಬಾಯಿಯಿಂದ ಏನೂ ಕೊಡದೆ, ಮೂಗಿನ ಮೂಲಕ ಕೊಳವೆ ಇಳಿಸಿ ಒಳಗಿನ ದ್ರವ ಹೊರತೆಗೆದು, ರಕ್ತನಾಳದ ಮೂಲಕ ನೀರು ಲವಣ ತುಂಬಿ ಕರುಳಿಗೆ ವಿಶ್ರಾಂತಿ ಕೊಟ್ಟರೆ ಅಂಟಿನಿಂದಾದ ಅಪೂರ್ಣ ತಡೆ ಬಹುಪಾಲು ತಾನೇ ಬಿಟ್ಟುಕೊಳ್ಳುತ್ತದೆ. ಚಲನೆ ಕುಂದಿದ್ದರೆ ಮೂಲಕಾರಣವನ್ನು ಸರಿಪಡಿಸುತ್ತಾರೆ. ಕರುಳಿಗೆ ರಕ್ತ ನಿಂತಿದೆಯೆಂಬ ಅನುಮಾನ ಬಂದರೆ ಮಾತ್ರ ಕಾಯುವ ಮಾತಿಲ್ಲ. ನೋವು ಬಿಟ್ಟು ಬಿಟ್ಟು ಬರುವುದು ಹೋಗಿ ಒಂದೇ ಸಮನೆ ಆಗುವುದು, ಜ್ವರ, ವೇಗದ ನಾಡಿ, ಮುಟ್ಟಿದರೆ ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು ಆ ಅಪಾಯದ ಗುರುತುಗಳು.

ಹಿಂದೆಂದೋ ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಕರುಳಿನ ಒಂದು ಭಾಗ ಸ್ವಲ್ಪ ಹಿಗ್ಗಿದೆ ಎಂದು ಬರೆದಿದ್ದು, ನಿಮಗೆ ಯಾವ ತೊಂದರೆಯೂ ಇಲ್ಲದಿದ್ದರೆ ಗಾಬರಿ ಬೇಡ. ಕರುಳಿನ ಚಲನೆಯ ಒಂದು ಕ್ಷಣದ ಚಿತ್ರವೂ ಅದಾಗಿರಬಹುದು. ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಮತ್ತೊಮ್ಮೆ ಪರೀಕ್ಷಿಸಿಕೊಂಡರೆ ಸಾಕು.

ಮನೆಯವರು ನೆನಪಿಡಬೇಕಾದುದು

ಹೊಟ್ಟೆ ಹಿಂಡುವ ನೋವು, ಮರುಕಳಿಸುವ ವಾಂತಿ, ಹೊಟ್ಟೆಯುಬ್ಬರ, ಮಲವೂ ವಾಯುವೂ ನಿಲ್ಲುವುದು, ಈ ನಾಲ್ಕು ಕೂಡಿ ಬಂದರೆ ಅದನ್ನು ಗ್ಯಾಸ್ ಎಂದು ಭಾವಿಸಬಾರದು. ನಾಲ್ಕೂ ಕೂಡಲೆಂದು ಕಾಯುವುದೂ ಬೇಡ. ಹಸಿರು ವಾಂತಿಯೊಂದೇ ಸಾಕು.

ಇಂಥ ಹೊತ್ತಿನಲ್ಲಿ ಹರಳೆಣ್ಣೆಯಾಗಲಿ ಬೇರೆ ಯಾವುದೇ ಭೇದಿಯ ಔಷಧಿಯಾಗಲಿ ಕೊಡಬಾರದು. ಮುಚ್ಚಿದ ಕರುಳನ್ನು ಹಿಂದಿನಿಂದ ಒತ್ತಿದರೆ ಅದು ಒಡೆಯಬಹುದು. ಮನೆಯಲ್ಲಿ ಎನಿಮಾ ಬೇಡ, ಹೊಟ್ಟೆ ತಿಕ್ಕಿಸುವುದು ಬೇಡ, ಉಬ್ಬಿದ ಹರ್ನಿಯಾವನ್ನು ಬಲವಂತದಿಂದ ಒಳಗೆ ತಳ್ಳುವುದಂತೂ ಬೇಡವೇ ಬೇಡ. ಉಣ್ಣಲು, ಕುಡಿಯಲು ಏನೂ ಕೊಡದೆ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಬೇಕು. ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಆಯುಷ್ಮಾನ್ ಕಾರ್ಡು ಜೊತೆಗಿರಲಿ.

ದೂರದ ಊರುಗಳಲ್ಲಿರುವವರಿಗೆ ಇನ್ನೂ ಒಂದು ಮಾತು. ಪೇಟೆಯವರು ಬೆಳಗಾಗಲಿ ನೋಡೋಣ ಎಂದರೆ ಕಳೆಯುವುದು ಒಂದು ರಾತ್ರಿ. ಗುಡ್ಡದಾಚೆಯ ಮನೆಯವರು ಹಾಗೆಂದರೆ ಕಳೆಯುವುದು ಆ ರಾತ್ರಿಯ ಜೊತೆಗೆ ಮರುದಿನದ ದಾರಿಯ ಹೊತ್ತು ಕೂಡ. ಆಸ್ಪತ್ರೆ ದೂರವಾದಷ್ಟೂ ಮನೆಯಿಂದ ಹೊರಡುವುದು ಬೇಗವಾಗಬೇಕು.

ಈಚೆಗೆ ನಾವು ಮತ್ತೆ ಕೊಕ್ಕಡದ ಆ ಮನೆಗೆ ಹೋಗಿದ್ದೆವು. ಯಜಮಾನರು ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯನ್ನು ಕಾಲಿನಿಂದ ಮಗುಚುತ್ತಿದ್ದರು. ನಮ್ಮನ್ನು ಕಂಡು ಒಳಗೆ ಕರೆದು, ಪಕ್ಕದ ಮನೆಯ ಗೆಳೆಯರೊಬ್ಬರನ್ನೂ ಕೂಗಿ ಬರಹೇಳಿದರು. “ಇವರಿಗೂ ಒಂದು ಗಂಟು ಉಂಟು, ಐದು ವರ್ಷದಿಂದ. ನಾನೇ ಹೇಳಿ ಒಪ್ಪಿಸಿದ್ದೇನೆ, ಎಲ್ಲಿ ತೋರಿಸುವುದು ಹೇಳಿ” ಎಂದರು. ತಾವು ಹತ್ತು ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟುದನ್ನು ಈಗ ಅವರು ನೆರೆಯವರಿಗೆಲ್ಲ ಹೇಳುತ್ತಿದ್ದಾರಂತೆ. ಇದನ್ನು ಓದಿದ ಸದ್ಭಕ್ತರು ತಮ್ಮ ಮನೆಯ ಹಿರಿಯರನ್ನು ಈ ವಾರವೇ ಒಮ್ಮೆ ಕೇಳಿ ನೋಡಲಿ ಎಂದು ಕೋರುತ್ತೇವೆ.